ಬಂಡೆಯ ಮೇಲೆ ಬಂಡೆಯನ್ನಿಟ್ಟವರು

ಹೈದರಾಬಾದಿನ ಹಬ್ಸಿಗೂಡದಿಂದ ಮಲ್ಲಾಪುರದ ಕಡೆಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಹಬ್ಬಿಕೊಂಡಿರುವ ನಾಚಾರಂ, ಕಾರ್ಖಾನೆಗಳ ಹೆಬ್ಬಾಗಿಲುಗಳಿಂದಲೂ ಬಹುಮಹಡಿಯ ವಸತಿಗಳಿಂದಲೂ ತುಂಬಿದ, ವಿಶೇಷವೇನೂ ಇಲ್ಲದ ಬಡಾವಣೆಯಾಗಿ ಹೊಸಬರ ಕಣ್ಣಿಗೆ ತೋರುವುದು ಸಹಜ. ಆದರೆ ಎರಡು ಕಟ್ಟಡಗಳ ನಡುವಣ ತೆರಪಿನಲ್ಲಿಯೋ, ಇನ್ನೂ ಮಾರಾಟವಾಗದೆ ಉಳಿದ ನಿವೇಶನವೊಂದರ ಮೂಲೆಯಲ್ಲಿಯೋ, ಎರಡಾಳೆತ್ತರದ ಉರುಟು ಬಂಡೆಯೊಂದು ತನಗಿಂತ ದೊಡ್ಡದಾದ ಇನ್ನೊಂದರ ನೆತ್ತಿಯ ಮೇಲೆ, ಅಂಗೈಯಗಲದ ಆಧಾರವನ್ನು ಮಾತ್ರ ಹಿಡಿದು ನಿಂತಿರುವುದು ಕಣ್ಣಿಗೆ ಬಿದ್ದಾಗ, ಎಂಥ ಅವಸರದಲ್ಲಿರುವವನೂ ಒಂದು ಕ್ಷಣ ನಿಂತು, ಇದನ್ನು ಇಲ್ಲಿ ಇಟ್ಟವರು ಯಾರು ಎಂದು ಕೇಳದೆ ಇರಲಾರನು. ಈ ಪ್ರಶ್ನೆ ಹಳೆಯದು. ಹಂಪೆಯಲ್ಲಿ ಇದೇ ಬಗೆಯ ಬಂಡೆಗಳ ರಾಶಿಯನ್ನು ಕಂಡ ನಮ್ಮ ಪೂರ್ವಿಕರು ಅವನ್ನು ಕಿಷ್ಕಿಂಧೆಯ ವಾನರರ ತೋಳ್ಬಲಕ್ಕೆ ಒಪ್ಪಿಸಿದರು. ದಖ್ಖನಿನ ಇನ್ನು ಕೆಲವರು, ಬ್ರಹ್ಮನು ಜಗತ್ತನ್ನು ಕಟ್ಟಿ ಮುಗಿಸಿದ ಮೇಲೆ ಉಳಿದುಹೋದ ಕಲ್ಲುಗಳನ್ನು ಇಲ್ಲಿ ಸುರಿದು ಕೈ ತೊಳೆದುಕೊಂಡನೆಂದು ನಗುನಗುತ್ತ ಹೇಳುವರು. ಎರಡು ಉತ್ತರಗಳಲ್ಲಿಯೂ ಒಂದು ಅಂಶ ಸಮಾನವಾಗಿದೆ: ಬಂಡೆಯು ಅಲ್ಲಿದೆಯಾದರೆ ಅದನ್ನು ಯಾರೋ ತಂದು ಇಟ್ಟಿರಲೇಬೇಕು.

ನಮ್ಮ ನೆರೆಯಲ್ಲಿ ವಾಸವಾಗಿರುವ ನಿವೃತ್ತ ಭೂವಿಜ್ಞಾನಿಯೊಬ್ಬರಿಗೆ, ಅವರು ಧಾರವಾಡದ ಕಡೆಯವರು, ಈ ಪ್ರಶ್ನೆಯನ್ನು ಎದುರಿಸದ ದಿನವಿಲ್ಲವೆಂದು ತೋರುತ್ತದೆ. ವೈದ್ಯನು ಮದುವೆಯ ಮನೆಗೆ ಹೋದರೂ ನಾಡಿಯನ್ನು ಮುಂದೆ ಚಾಚುವವರಿರುವಂತೆ, ಕಲ್ಲನ್ನು ಓದಿದವನನ್ನೂ ಜನರು ಸುಮ್ಮನೆ ಬಿಡುವುದಿಲ್ಲ. ಯಾವ ಹರಳನ್ನು ಯಾವ ಬೆರಳಿಗೆ ಧರಿಸಿದರೆ ಶನಿಯ ಕಾಟ ತಪ್ಪೀತು. ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು ನಡೆಯುವವನು ತೋರಿಸಿದ ಜಾಗದಲ್ಲಿ ಬೋರು ಕೊರೆಸಿದರೆ ನೀರು ಬಿದ್ದೀತೇ. 1993ರಲ್ಲಿ ಕಿಲ್ಲಾರಿಯಲ್ಲಿ ಆದಂತೆ ಇಲ್ಲಿಯೂ ಭೂಮಿ ನಡುಗೀತೇ. ಇವೆಲ್ಲಕ್ಕೂ ಅವರು ತಾಳ್ಮೆಯಿಂದ ಉತ್ತರ ಕೊಡುತ್ತಾರೆ. ಹರಳಿನ ವಿಷಯದಲ್ಲಿ ಮಾತ್ರ, ಅದರ ಗಡಸುತನವನ್ನು ಹೇಳಬಲ್ಲೆನೇ ಹೊರತು ಶನಿಯ ಅಭಿಪ್ರಾಯವನ್ನು ಹೇಳಲಾರೆನೆಂದು ಬೇಗನೆ ಮುಗಿಸಿಬಿಡುವರು. ಬಂಡೆಯ ಮೇಲೆ ಬಂಡೆಯನ್ನಿಟ್ಟವರು ಯಾರೆಂಬುದಕ್ಕೆ ಅವರ ಉತ್ತರ ಒಂದೇ ಸಾಲಿನದು: “ಯಾರೂ ಇಟ್ಟಿಲ್ರೀ. ಸುತ್ತಲಿದ್ದದ್ದು ಹೋಗೇದ, ಇದು ಉಳದದ.”

ಈ ಮಾತು ಬಾಯಲ್ಲಿ ಹಗುರವಾಗಿದ್ದರೂ ಅದರ ಹಿಂದಿರುವ ವೃತ್ತಾಂತ ದೀರ್ಘವಾದದ್ದು. ನಾಚಾರದ ನೆಲವೂ ಅದರ ಸುತ್ತಲಿನ ಗುಡ್ಡಗಳೂ ಭೂಗರ್ಭದಲ್ಲಿ ಕರಗಿದ್ದ ಶಿಲಾದ್ರವ್ಯವು ಹಲವು ಕಿಲೋಮೀಟರುಗಳ ಆಳದಲ್ಲಿ ಮೆಲ್ಲಮೆಲ್ಲನೆ ತಣಿದು ಗಟ್ಟಿಯಾದ ಕಣಶಿಲೆಯಿಂದ, ಅಂದರೆ ಗ್ರಾನೈಟಿನಿಂದ ಆದವು. ಹೀಗೆ ತಣಿದದ್ದು ಈಗ್ಗೆ ಸುಮಾರು 250 ಕೋಟಿ ವರ್ಷಗಳ ಹಿಂದೆ. ರಾಮನಗರದ ಬೆಟ್ಟಗಳೂ ಸರಿಸುಮಾರಾಗಿ ಅದೇ ಯುಗದವು. ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣದ ಪ್ರಾಚೀನ ಶಿಲಾಸಮೂಹವೊಂದಕ್ಕೆ ಧಾರವಾಡದ ಹೆಸರನ್ನಿಟ್ಟರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಆ ಹೆಸರು ಕಾಲಕ್ರಮದಲ್ಲಿ ಬೆಳೆದು, ಇಂದು ಹೈದರಾಬಾದಿನ ನೆಲವೂ ಧಾರವಾಡ ಶಿಲಾಖಂಡದ ಪೂರ್ವಭಾಗವೆಂದು ಕರೆಯಲ್ಪಡುತ್ತಿದೆ. ರಾಜ್ಯಗಳ ಎಲ್ಲೆಗಳು 1956ರಲ್ಲಿ ಬದಲಾದವು. ಕಲಬುರಗಿ, ರಾಯಚೂರು, ಬೀದರು ಜಿಲ್ಲೆಗಳು ಅತ್ತ ಹೋದವು, ಹೈದರಾಬಾದು ಇತ್ತ ಉಳಿಯಿತು. ಅಡಿಗಲ್ಲಿಗೆ ಅದರ ಸುದ್ದಿ ಮುಟ್ಟಲಿಲ್ಲ.

ಆಳದಲ್ಲಿ ಹುಟ್ಟಿದ ಈ ಶಿಲೆಯ ಮೇಲಿದ್ದ ಹೊದಿಕೆಯು ಯುಗಯುಗಾಂತರಗಳಲ್ಲಿ ಸವೆದು ಹೋದಂತೆಲ್ಲ, ಮೇಲಿನ ಭಾರ ಇಳಿದದ್ದರಿಂದ ಕಲ್ಲು ಸಡಿಲಗೊಂಡು, ನೆಲಕ್ಕೆ ಸಮಾಂತರವಾಗಿಯೂ ನೆಟ್ಟಗೆಯೂ ಸೀಳುಗಳು ಬಿಟ್ಟವು. ಆ ಸೀಳುಗಳಿಂದ ಮಳೆಯ ನೀರು ಒಳಗೆ ಇಳಿಯಿತು. ಕಣಶಿಲೆಯಲ್ಲಿರುವ ಬೆಣಚು ನೀರಿಗೆ ಬಗ್ಗುವುದಿಲ್ಲ. ಆದರೆ ಅದರ ಜೊತೆಗಾರನಾದ ಫೆಲ್ಡ್‌ಸ್ಪಾರ್ ಎಂಬ ಖನಿಜವು ನೀರಿನ ದೀರ್ಘ ಸಹವಾಸದಲ್ಲಿ ಜೇಡಿಯಾಗಿ ಮಾರ್ಪಡುತ್ತದೆ. ಸೀಳುಗಳ ನಡುವೆ ಸಿಕ್ಕ ಚೌಕಾಕಾರದ ಕಲ್ಲಿಗೆ ನೀರು ಮುಖದ ಮೇಲೆ ಒಂದು ಕಡೆಯಿಂದಲೂ, ಅಂಚಿನ ಮೇಲೆ ಎರಡು ಕಡೆಯಿಂದಲೂ, ಮೂಲೆಯ ಮೇಲೆ ಮೂರು ಕಡೆಯಿಂದಲೂ ತಗಲುವುದರಿಂದ ಮೂಲೆಗಳು ಮೊದಲು ಕೊಳೆತು, ಕಲ್ಲು ನೆಲದೊಳಗೆ ಇರುವಾಗಲೇ ಉರುಟಾಗುತ್ತದೆ. ಅದರ ಸುತ್ತ ಉಳಿಯುವುದು ಗರಸು. ಇಲ್ಲಿಯ ಗುತ್ತಿಗೆದಾರರು ಮೊರಂ ಎಂದು ಕರೆದು ಲಾರಿಗಳಲ್ಲಿ ಹೇರಿ ರಸ್ತೆಗೆ ಹಾಸುವ ಆ ಕೆಂಪು ಪುಡಿ. ಮುಂದೆ ನೆಲದ ಮಟ್ಟವು ತಗ್ಗಿ ಗರಸೆಲ್ಲವೂ ಮಳೆಯಲ್ಲಿ ತೊಳೆದು ಹೋದಾಗ, ಒಳಗೆ ಉರುಟಾಗಿದ್ದ ಗಟ್ಟಿ ತಿರುಳುಗಳು ತಾವು ಹುಟ್ಟಿದ ಜಾಗದಲ್ಲಿಯೇ, ಕೆಲವೊಮ್ಮೆ ಒಂದರ ಮೇಲೊಂದು, ಬಯಲಿನಲ್ಲಿ ನಿಲ್ಲುತ್ತವೆ.

ಇದು ಊಹೆಯೆಂದು ಯಾರಾದರೂ ಸಂದೇಹಪಟ್ಟರೆ, ನಮ್ಮ ನೆರೆಯವರು ಅವರನ್ನು ನಮ್ಮ ಬೀದಿಯ ಕೊನೆಯ ಜೋಡಿಬಂಡೆಯ ಬಳಿಗೆ ಕರೆದುಕೊಂಡು ಹೋಗುವರು. ಕೆಳಗಿನ ಬಂಡೆಯ ಮೈಯಲ್ಲಿ, ಮೂರು ಬೆರಳಗಲದ, ನಸುಗೆಂಪು ಹರಳುಗಳೂ ಬಿಳಿಯ ಬೆಣಚೂ ಸೇರಿದ ಒಂದು ಪಟ್ಟೆ ಓರೆಯಾಗಿ ಏರುತ್ತ ಬಂದು, ಎರಡು ಬಂಡೆಗಳ ನಡುವಣ ಸಂದಿಯಲ್ಲಿ ನಿಲ್ಲುತ್ತದೆ. ಸಂದಿಯನ್ನು ದಾಟಿ ನೋಡಿದರೆ, ಅದೇ ಅಗಲದಲ್ಲಿ, ಅದೇ ಓರೆಯಲ್ಲಿ, ಅದೇ ಹರಳುಗಳೊಡನೆ ಮೇಲಿನ ಬಂಡೆಯಲ್ಲಿ ಮುಂದುವರಿದು ಅದರ ಬೆನ್ನಿನ ಮೇಲೆ ಮಾಯವಾಗುತ್ತದೆ. ಭೂತಗನ್ನಡಿಯನ್ನು ಹಿಡಿದು ನೋಡಿದರೆ ಕಾಗೆಬಂಗಾರದ ಕಪ್ಪು ರೇಕುಗಳು ಕೂಡ ಎರಡೂ ಕಡೆಯಲ್ಲಿ ಪಟ್ಟೆಯ ಅಂಚಿಗೆ ಒಂದೇ ಬಗೆಯಲ್ಲಿ ಒತ್ತಿಕೊಂಡಿರುವುದು ಕಾಣುತ್ತದೆ. ವಾನರರು ಎಷ್ಟೇ ಜಾಣರಾಗಿದ್ದರೂ ಒಂದು ಬಂಡೆಯನ್ನು ದೂರದಿಂದ ತಂದು, ಅದರ ಗೆರೆಯನ್ನು ಕೆಳಗಿನ ಗೆರೆಗೆ ಕೂದಲೆಳೆಯಷ್ಟೂ ತಪ್ಪದಂತೆ ಕೂಡಿಸಿ ಇಟ್ಟರೆಂದು ನಂಬುವುದು ಕಷ್ಟ. ಎರಡೂ ಒಮ್ಮೆ ಒಂದೇ ಕಲ್ಲಾಗಿದ್ದುವು.

ಇಷ್ಟನ್ನು ಒಪ್ಪಿಕೊಂಡ ಮೇಲೆ ಮನಸ್ಸಿನಲ್ಲಿ ಏಳುವ ಪ್ರಶ್ನೆ ಭೂವಿಜ್ಞಾನದ್ದಲ್ಲ. ಇಟ್ಟವನೊಬ್ಬನು ಇರಲೇಬೇಕೆಂಬ ನಂಬಿಕೆಯ ಮೇಲೆ ನಮ್ಮಲ್ಲಿ ಒಂದು ದೊಡ್ಡ ತರ್ಕಸೌಧವೇ ನಿಂತಿದೆ. ಗಡಿಗೆಯನ್ನು ಕಂಡರೆ ಕುಂಬಾರನನ್ನು ಊಹಿಸುತ್ತೇವೆ. ಪೃಥ್ವಿಯೂ ಪರ್ವತವೂ ಮೊಳಕೆಯೂ ಗಡಿಗೆಯಂತೆಯೇ ಕಾರ್ಯಗಳಾಗಿರುವುದರಿಂದ ಅವಕ್ಕೂ ಬುದ್ಧಿವಂತನಾದ ಕರ್ತೃವೊಬ್ಬನು ಇರಬೇಕು. ಅಷ್ಟು ದೊಡ್ಡ ಕಾರ್ಯಕ್ಕೆ ಸಮರ್ಥನಾದ ಕರ್ತೃ ಈಶ್ವರನಲ್ಲದೆ ಬೇರೆಯವನಾಗಲಾರನು. ನೈಯಾಯಿಕರ ಈ ಅನುಮಾನವನ್ನು ಹತ್ತನೆಯ ಶತಮಾನದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಅದರ ಪರಾಕಾಷ್ಠೆಗೆ ಒಯ್ದರು. ಗಮನಿಸತಕ್ಕ ಸಂಗತಿಯೆಂದರೆ, ತಾರ್ಕಿಕರು ಮೊದಲು ಕೈಯೆತ್ತಿ ತೋರಿಸುವ ಉದಾಹರಣೆಯೇ ಪೃಥ್ವಿ; ನಾಚಾರದ ದಾರಿಹೋಕನು ಬಂಡೆಯ ಮುಂದೆ ನಿಂತು ಕೇಳುವ ಪ್ರಶ್ನೆಯನ್ನೇ ಅವರು ಶಾಸ್ತ್ರದ ಭಾಷೆಯಲ್ಲಿ ಕೇಳಿದರು. ಹಾಗಾದರೆ ಇಟ್ಟವರಿಲ್ಲವೆಂಬ ಉತ್ತರವು ಈಶ್ವರನ ಬುಡಕ್ಕೇ ಕೊಡಲಿಯನ್ನಿಟ್ಟಿತೆಂದು ಹೆದರುವ ಆಸ್ತಿಕರೂ, ಹಾಗೆ ಇಟ್ಟಿತೆಂದು ಹಿಗ್ಗುವ ನಾಸ್ತಿಕರೂ ನಮ್ಮ ನಡುವೆ ಇದ್ದಾರೆ. ಇಬ್ಬರೂ ಆತುರಪಟ್ಟರೆಂದು ನನ್ನ ಅಭಿಪ್ರಾಯ.

ಏಕೆಂದರೆ, ಕನ್ನಡ ನಾಡಿನಲ್ಲಿ ಮನೆಮನೆಗೂ ಗುರುಗಳಾದ ಮೂವರು ಆಚಾರ್ಯರಲ್ಲಿ ಒಬ್ಬರೂ ಈ ಅನುಮಾನದ ಊರುಗೋಲನ್ನು ಹಿಡಿದು ಈಶ್ವರನನ್ನು ಸೇರಿದವರಲ್ಲ. ಶಂಕರರು ಬ್ರಹ್ಮಸೂತ್ರದ ಎರಡನೆಯ ಸೂತ್ರದ ಭಾಷ್ಯದಲ್ಲಿಯೇ, ಅಲ್ಲಿ ಹೇಳಿರುವುದು ಸ್ವತಂತ್ರವಾದ ಅನುಮಾನವಲ್ಲ, ವೇದಾಂತವಾಕ್ಯಗಳ ಅರ್ಥವಿಚಾರವೆಂದು ಸ್ಪಷ್ಟಪಡಿಸುವರು. ಈಶ್ವರನು ಸದಾಗಮಗಳಿಂದ ಮಾತ್ರ ತಿಳಿಯತಕ್ಕವನೆಂಬುದು ಮಧ್ವರ ನಿಲುವು. ರಾಮಾನುಜರಂತೂ ಮೂರನೆಯ ಸೂತ್ರದ ಭಾಷ್ಯದಲ್ಲಿ ತಾರ್ಕಿಕನ ಗಡಿಗೆಯನ್ನು ಎದುರಿಗಿಟ್ಟುಕೊಂಡು ವಿಸ್ತಾರವಾಗಿ ಒಡೆಯುತ್ತಾರೆ: ಭೂಮಿ, ಪರ್ವತ, ಸಮುದ್ರಗಳು ಕಾರ್ಯಗಳೆಂದು ಒಪ್ಪಿದರೂ, ಅವೆಲ್ಲವೂ ಒಂದೇ ಕಾಲದಲ್ಲಿ ಒಬ್ಬನೇ ಕರ್ತೃವಿನಿಂದ ಆದುವೆಂಬುದಕ್ಕೆ ಪ್ರಮಾಣವೆಲ್ಲಿದೆ? ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಕಾರಣಗಳಿಂದ ಆಗಿರಲೂಬಹುದಲ್ಲವೇ? ಮೇಲುಕೋಟೆಯ ಬಂಡೆಗಳ ನಡುವೆ ವರ್ಷಗಟ್ಟಲೆ ವಾಸಮಾಡಿದ, ಭಕ್ತಿಯಲ್ಲಿ ಯಾರಿಗೂ ಎರಡನೆಯವರಲ್ಲದ ಒಬ್ಬ ಆಚಾರ್ಯರ ಲೇಖನಿಯಿಂದ ಬಂದ ಆಕ್ಷೇಪ ಇದು. ಇಂದಿನ ಭೂವಿಜ್ಞಾನಿ ಇದನ್ನು ಕೇಳಿದರೆ ತನ್ನ ಪಾಠವನ್ನು ಯಾರೋ ಮೊದಲೇ ಹೇಳಿಬಿಟ್ಟರೆಂದು ಬೆರಗಾಗುವನು. ಗುಡ್ಡಕ್ಕೊಂದು ಕಾಲ, ಕಣಿವೆಗೊಂದು ಕಾರಣ ಎಂಬುದೇ ಅವನ ಶಾಸ್ತ್ರದ ಮೊದಲನೆಯ ಅಧ್ಯಾಯ. ಆದುದರಿಂದ ಜೋಡಿಬಂಡೆಯ ಪಟ್ಟೆಯು ಯಾರನ್ನಾದರೂ ಪದಚ್ಯುತಗೊಳಿಸುವುದಾದರೆ, ಅದು ತರ್ಕದಿಂದ ಕಲ್ಪಿತನಾದ ಕುಂಬಾರನನ್ನು ಮಾತ್ರ. ಆಚಾರ್ಯರು ಉಪಾಸಿಸಿದ ವಸ್ತುವು ಆ ಪೀಠದಲ್ಲಿ ಎಂದೂ ಕುಳಿತಿರಲಿಲ್ಲ.

ಕರ್ತೃವನ್ನು ಪೂರ್ತಿಯಾಗಿ ನಿರಾಕರಿಸಿಯೂ ಧರ್ಮವನ್ನು ಬಿಡದೆ ಬಾಳಿದವರು ನಮ್ಮಲ್ಲಿಯೇ ಇದ್ದಾರೆ. ಅಮೋಘವರ್ಷ ನೃಪತುಂಗನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ, ಸೃಷ್ಟಿಗೆ ಮೊದಲು ಆ ಸೃಷ್ಟಿಕರ್ತನು ಎಲ್ಲಿ ನಿಂತಿದ್ದನು, ಯಾವ ಸಾಮಗ್ರಿಯಿಂದ ಯಾವ ಪ್ರಯೋಜನಕ್ಕಾಗಿ ಸೃಷ್ಟಿಸಿದನು ಎಂದು ಒಂದರ ಹಿಂದೊಂದಾಗಿ ಕೇಳುತ್ತ ಹೋಗುವ ಭಾಗವು, ಶ್ರದ್ಧಾವಂತರು ಬರೆದ ಗ್ರಂಥಗಳಲ್ಲಿ ಅತ್ಯಂತ ನಿರ್ದಾಕ್ಷಿಣ್ಯವಾದವುಗಳಲ್ಲೊಂದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದರ ಆಸುಪಾಸಿನ ಸೀಮೆಯಿಂದಲೇ ಹೈದರಾಬಾದಿನ ಹಳೆಯ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲು ಬರುವುದು. ಅದು ಬೆಂಕಿಯಲ್ಲಿ ಹುಟ್ಟಿದ ಶಿಲೆಯಲ್ಲ. ಬಹು ಪುರಾತನವಾದ ಸಮುದ್ರವೊಂದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಆದುದರಿಂದಲೇ ಅದು ಹಲಗೆಯಂತೆ ಏಳುತ್ತದೆ, ನಮ್ಮ ಗುಡ್ಡದ ಕಲ್ಲು ಏಳುವುದಿಲ್ಲ. ಇಂದ್ರಗಿರಿಯ ಮೇಲಿನ ಗೊಮ್ಮಟನನ್ನೂ ಇಲ್ಲಿ ನೆನೆಯಬೇಕು. ಚಾವುಂಡರಾಯನು 981ರಲ್ಲಿ ನಿಲ್ಲಿಸಿದನೆಂದು ನಾವು ಹೇಳುವುದು ವಾಡಿಕೆ. ವಸ್ತುತಃ ಯಾರೂ ಅವನನ್ನು ಅಲ್ಲಿ ನಿಲ್ಲಿಸಲಿಲ್ಲ. ಐವತ್ತೇಳು ಅಡಿಗಳ ಆ ಮೂರ್ತಿಯು ಬೆಟ್ಟದ ನೆತ್ತಿಯ ಬಂಡೆಯಲ್ಲಿಯೇ ಇದ್ದು, ಸುತ್ತಲಿನ ಕಲ್ಲನ್ನು ಉಳಿಗಳು ತೆಗೆದಾಗ ಉಳಿಯಿತು. ಎಲ್ಲವನ್ನೂ ಬಿಟ್ಟವನ ಪ್ರತಿಮೆಯು ಕಲ್ಲನ್ನು ಬಿಡಿಸುವುದರಿಂದಲೇ ಆದದ್ದು ಆ ಶಿಲ್ಪಿಯ ಮನಸ್ಸಿನಲ್ಲಿ ಇತ್ತೋ ಇಲ್ಲವೋ, ನನ್ನ ಮನಸ್ಸಿನಲ್ಲಿ ಅಳಿಯದೆ ನಿಂತಿದೆ.

ಜನರು ಕೇಳುವ ಇನ್ನೊಂದು ಪ್ರಶ್ನೆ, ಕಲ್ಲು ಬೆಳೆಯುತ್ತದೆಯೇ ಎಂಬುದು. ಬೆಂಗಳೂರಿನ ಬಸವನಗುಡಿಯ ಬಸವನು ಬೆಳೆಯುತ್ತಿದ್ದನೆಂದೂ, ತಲೆಯ ಮೇಲೆ ತ್ರಿಶೂಲವನ್ನು ನೆಟ್ಟಮೇಲೆ ನಿಂತನೆಂದೂ ಐತಿಹ್ಯವುಂಟು. ಯಾಗಂಟಿಯ ನಂದಿಯು ಇಂದಿಗೂ ಬೆಳೆಯುತ್ತಿರುವನೆಂದು ಆಂಧ್ರದ ಭಕ್ತರು ನಂಬುವರು. ಕಡೆದ ಮೂರ್ತಿಯು ಬೆಳೆಯಲಾರದೆಂದು ಭೂವಿಜ್ಞಾನಿ ಹೇಳಿ ಸುಮ್ಮನಾಗಬಹುದಿತ್ತು. ಆದರೆ ನಮ್ಮವರು ಹಾಗೆ ಮಾಡದೆ, ಈ ಭಾವನೆ ರೈತನಿಗೆ ಎಲ್ಲಿಂದ ಬಂದಿತೆಂದು ವಿಚಾರಿಸುತ್ತಾರೆ. ಅಜ್ಜನ ಕಾಲದಲ್ಲಿ ನೇಗಿಲಿಗೆ ತಗಲದೆ ಇದ್ದ ಕಲ್ಲು ತಂದೆಯ ಕಾಲದಲ್ಲಿ ತುದಿಯನ್ನು ತೋರಿತು. ಮೊಮ್ಮಗನು ಅದರ ಮೇಲೆ ಕುಳಿತು ಬುತ್ತಿ ಉಣ್ಣುತ್ತಾನೆ. ಅವನ ಕಣ್ಣು ಸುಳ್ಳು ಹೇಳಲಿಲ್ಲ. ಕಲ್ಲಿಗೂ ನೆಲಕ್ಕೂ ಇರುವ ಅಂತರ ನಿಜವಾಗಿಯೂ ಹೆಚ್ಚಿದೆ. ಕಲ್ಲು ಏರಲಿಲ್ಲ, ಉತ್ತ ಮಣ್ಣು ಮಳೆಗಾಲದಿಂದ ಮಳೆಗಾಲಕ್ಕೆ ಕೊಚ್ಚಿಹೋಗಿ ಹೊಲ ಇಳಿಯಿತು. ಕಾಣುವುದೊಂದು, ಕಂಡದ್ದನ್ನು ಯಾವುದರ ಮೇಲೆ ಆರೋಪಿಸಬೇಕೆಂಬುದು ಮತ್ತೊಂದು. ಅಧ್ಯಾಸವೆಂದು ವೇದಾಂತಿಗಳು ವಿವರಿಸುವ ಭ್ರಾಂತಿಗೆ ಹಗ್ಗಹಾವುಗಳನ್ನು ಹುಡುಕಿ ಕತ್ತಲೆಗೆ ಹೋಗಬೇಕಾಗಿಲ್ಲ, ಹಗಲಿನಲ್ಲಿ ಹೊಲದ ಬದುವಿನ ಮೇಲೆಯೇ ಅದು ಸಿಕ್ಕುತ್ತದೆ. ಹಾಸುಬಂಡೆಯಾದರೂ ಸವೆಯದೆ ಇರುವುದಿಲ್ಲ. ಅದರ ವೇಗ ಹತ್ತು ಲಕ್ಷ ವರ್ಷಗಳಿಗೆ ಕೆಲವೇ ಮೀಟರುಗಳಷ್ಟಾದುದರಿಂದ ನಾವು ಅದನ್ನು ನಿತ್ಯವೆನ್ನುತ್ತೇವೆ.

ಕಾಲದ ಮಾತು ಬಂದಾಗ ನಮ್ಮ ವಿದ್ಯಾವಂತರಲ್ಲಿ ಒಂದು ಹೆಮ್ಮೆ ತಲೆಯೆತ್ತುತ್ತದೆ. ಪುರಾಣಗಳು ಒಂದು ಕಲ್ಪಕ್ಕೆ 432 ಕೋಟಿ ವರ್ಷಗಳೆಂದು ಹೇಳಿವೆ. ವಿಜ್ಞಾನಿಗಳು ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳೆನ್ನುತ್ತಾರೆ. ಹಾಗಾದರೆ ನಮ್ಮವರಿಗೆ ಎಲ್ಲವೂ ಮೊದಲೇ ತಿಳಿದಿತ್ತಲ್ಲವೇ? ಈ ಹೋಲಿಕೆಯನ್ನು ಉಪನ್ಯಾಸಗಳಲ್ಲಿ ಕೇಳಿ ಚಪ್ಪಾಳೆ ತಟ್ಟುವವರು, ತಾವೇ ಪ್ರತಿದಿನ ಸಂಕಲ್ಪದಲ್ಲಿ ಹೇಳುವ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಶ್ವೇತವರಾಹಕಲ್ಪದಲ್ಲಿ, ವೈವಸ್ವತ ಮನ್ವಂತರದಲ್ಲಿ, ಇಪ್ಪತ್ತೆಂಟನೆಯ ಕಲಿಯುಗದಲ್ಲಿ ತಾನಿರುವುದಾಗಿ ಹೇಳಿ, ಶ್ರೀಶೈಲಕ್ಕೆ ವಾಯವ್ಯದಲ್ಲಿ, ಕೃಷ್ಣಾ ಗೋದಾವರಿಗಳ ನಡುವೆ ತಾನು ಕುಳಿತಿರುವ ನೆಲವನ್ನು ಗುರುತಿಸಿ, ಹೈದರಾಬಾದಿನ ಗೃಹಸ್ಥನು ನೀರನ್ನು ಬಿಡುತ್ತಾನೆ. ಆ ಗಣನೆಯ ಪ್ರಕಾರ ಈ ಕಲ್ಪದಲ್ಲಿ ಇದುವರೆಗೆ ಕಳೆದಿರುವುದು ಸುಮಾರು 197 ಕೋಟಿ ವರ್ಷಗಳು. ಅವನು ಕುಳಿತ ಮನೆಯ ಅಡಿಗಲ್ಲಿಗಾದರೋ ಸುಮಾರು 250 ಕೋಟಿ! ಅಂದರೆ ಎರಡು ಲೆಕ್ಕಗಳನ್ನೂ ಒಂದೇ ತಕ್ಕಡಿಯಲ್ಲಿ ಇಡುವುದೇ ಆದರೆ, ನಾಚಾರದ ಬಂಡೆಯು ಬ್ರಹ್ಮನ ಈ ದಿನ ಬೆಳಗಾಗುವುದಕ್ಕೆ ಐವತ್ತು ಕೋಟಿ ವರ್ಷಗಳಿಗೂ ಮೊದಲೇ, ಮೂರು ಲೋಕಗಳೂ ಲಯವಾಗಿದ್ದ ಅವನ ರಾತ್ರಿಯಲ್ಲಿ, ಯಾರಿಗೂ ತಿಳಿಯದಂತೆ ಗಟ್ಟಿಯಾಗಿ ಕುಳಿತಿತ್ತೆಂದು ಒಪ್ಪಬೇಕಾಗುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳಾಗಿರುವುದರಿಂದ ಅಲ್ಲಿಯ ಪೇಚು ಇನ್ನೂ ದೊಡ್ಡದು. ಹೊಂದಿದ ಒಂದು ಸಂಖ್ಯೆಯನ್ನು ಮೆರೆಸಿ ಹೊಂದದ ಇನ್ನೊಂದನ್ನು ಮರೆಸುವುದು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ಕಲ್ಪದ ಗಣನೆಯು ಗ್ರಹಗತಿಯ ಗಣಿತದಿಂದಲೂ ಧ್ಯಾನದಿಂದಲೂ ಹೊರಟು, ಮನುಷ್ಯನ ಅಹಂಕಾರವನ್ನು ಕುಗ್ಗಿಸುವಷ್ಟು ದೊಡ್ಡ ಕಾಲವನ್ನು ಕಣ್ಣೆದುರಿಗೆ ತರುವುದು. ಬಂಡೆಯ ವಯಸ್ಸಾದರೋ, ಅದರೊಳಗಿನ ಜಿರ್ಕಾನ್ ಎಂಬ ಅತಿಸೂಕ್ಷ್ಮ ಹರಳಿನಲ್ಲಿ ಸೆರೆಯಾದ ಯುರೇನಿಯಂ ಎಷ್ಟು ಭಾಗ ಸೀಸವಾಗಿದೆಯೆಂದು ಅಳೆದು ಕಂಡದ್ದು. ಆ ಧಾತುವಿನ ಮುಖ್ಯ ಬಗೆಯೊಂದು ಅರ್ಧದಷ್ಟಾಗುವುದಕ್ಕೆ ಸುಮಾರು 447 ಕೋಟಿ ವರ್ಷಗಳು ಬೇಕು. ದಾರಿಗಳು ಬೇರೆಯಾದುದರಿಂದ ಊರುಗಳೂ ಬೇರೆ.

ರಾಯಚೂರಿನ ಕಡೆಯಿಂದ ಬಂದು ನಮ್ಮ ಬಡಾವಣೆಯಲ್ಲಿ ನೆಲೆಸಿದ ಮಾಧ್ವ ಕುಟುಂಬವೊಂದರ ಹಿರಿಯ ಮಹಿಳೆಯು ಈ ಭೇದವನ್ನು ಪಂಡಿತರಿಗಿಂತ ಚೆನ್ನಾಗಿ ಹಿಡಿದರೆಂದು ನಾನು ತಿಳಿದಿದ್ದೇನೆ. ಮನೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿರುವ ಸಾಲಗ್ರಾಮವನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ತಂದು, ಕಾಲೇಜಿನಲ್ಲಿ ಓದುವ ಮೊಮ್ಮಗನು ಇದರೊಳಗೆ ಹುಳವಿತ್ತೆನ್ನುತ್ತಾನೆ, ನಿಜವೇನಪ್ಪ ಎಂದು ಅವರು ಕೇಳಿದರು. ಎಣ್ಣೆಯಂತೆ ಮಿರುಗುವ ಆ ಕರಿಯ ಉಂಡೆಯ ಒಂದು ಬದಿಯಲ್ಲಿ ಕಿರುಬೆರಳು ತೂರುವಷ್ಟು ದ್ವಾರವಿತ್ತು. ಅದರೊಳಗೆ ಏಣುಏಣಾಗಿ, ಒಳಗೊಳಗೆ ಕಿರಿದಾಗುತ್ತ ಸುತ್ತಿದ ಚಕ್ರ. ಭೂವಿಜ್ಞಾನಿ ಕೈ ತೊಳೆದುಕೊಂಡು ಬಂದು, ಮುಟ್ಟದೆಯೇ ಬಾಗಿ ನೋಡಿ ಹೇಳಿದರು: ಹಿಮಾಲಯವು ಏಳುವುದಕ್ಕೆ ಬಹಳ ಹಿಂದೆ ಅಲ್ಲೊಂದು ಸಮುದ್ರವಿತ್ತು, ಅದರಲ್ಲಿ ಅಮೋನೈಟ್ ಎಂಬ ಜಲಚರಗಳು ಸುರುಳಿಯ ಚಿಪ್ಪುಗಳಲ್ಲಿ ವಾಸವಾಗಿದ್ದವು, ಅವು ಸತ್ತು ಕೆಸರಿನಲ್ಲಿ ಹೂತು, ಚಿಪ್ಪಿನ ಅಚ್ಚು ಕಲ್ಲಿನಲ್ಲಿ ಉಳಿಯಿತು, ಸಮುದ್ರದ ತಳವೇ ಪರ್ವತವಾಗಿ ಎದ್ದ ಮೇಲೆ ಗಂಡಕೀ ನದಿಯು ಆ ಕಲ್ಲುಗಳನ್ನು ಉರುಳಿಸಿ ತರುತ್ತದೆ, ಇದಕ್ಕೆ ಸುಮಾರು ಹದಿನೈದು ಕೋಟಿ ವರ್ಷಗಳಾಗಿರಬಹುದು. ಆಕೆ ತಲೆದೂಗಿದರು. ವಜ್ರಕೀಟವು ಕೊರೆದು ಚಕ್ರವನ್ನು ಮಾಡಿತೆಂದು ಪುರಾಣದಲ್ಲಿಯೇ ಇರುವುದರಿಂದ, ಒಂದು ಜೀವವು ಇದರಲ್ಲಿ ವಾಸಮಾಡಿತ್ತೆಂಬುದು ಅವರಿಗೆ ಹೊಸ ಸುದ್ದಿಯಾಗಲೇ ಇಲ್ಲ. ಅವರನ್ನು ಕಾಡಿದ್ದು ಅಂಕಗಣಿತ. ಹೊರಗೆ ಬೀದಿಯಲ್ಲಿ ನಿಂತಿರುವ ಬಂಡೆಗೆ 250 ಕೋಟಿ ಎಂದು ಹಿಂದೊಮ್ಮೆ ಹೇಳಿದ್ದಿರಿ. ಹಾಗಾದರೆ ನಮ್ಮ ದೇವರು ಬೀದಿಯ ಬಂಡೆಗಿಂತ ಚಿಕ್ಕವನೇ? “ದೇವರ ವಯಸ್ಸು ನಾ ಹೇಳಲಿಲ್ರೀ ಅವ್ವಾರ, ಚಿಪ್ಪಿನ ವಯಸ್ಸು ಹೇಳಿದೆ” ಎಂದರು ಇವರು. ಆಕೆ ನಕ್ಕು ತಟ್ಟೆಯನ್ನು ಎತ್ತಿಕೊಂಡು ಹೋದರು. ಪೂಜೆ ನಿಲ್ಲಲಿಲ್ಲ, ಮೊಮ್ಮಗನ ಮೇಲಿನ ಸಿಟ್ಟು ನಿಂತಿತು.

ಆ ಚಿಕ್ಕ ಉತ್ತರದಲ್ಲಿ ಅಡಗಿರುವ ವಿವೇಕವನ್ನು ನಮ್ಮ ಆರಾಧನಾಕ್ರಮವೂ ಬಲ್ಲದು. ಗುಡಿಯಲ್ಲಿ ಪ್ರತಿಷ್ಠಿತವಾಗುವ ಶಿಲೆಗೆ ಆವಾಹನೆಯಾಗಬೇಕು, ಪ್ರಾಣಪ್ರತಿಷ್ಠೆಯಾಗಬೇಕು. ಭಗ್ನವಾದರೆ ದೇವತೆಯನ್ನು ಬೀಳ್ಕೊಟ್ಟು ಕಲ್ಲನ್ನು ನೀರಿಗೆ ಬಿಡಬೇಕು. ಸಾಲಗ್ರಾಮಕ್ಕೆ ಇದಾವುದೂ ಬೇಡ, ಅಲ್ಲಿ ಸನ್ನಿಧಾನವು ನಿತ್ಯವೆಂಬುದು ಸಂಪ್ರದಾಯ. ಆದರೆ ಅಲ್ಲಿಯೂ ನಿತ್ಯವಾದದ್ದು ಸನ್ನಿಧಾನವೇ ಹೊರತು ಚಿಪ್ಪಲ್ಲ. ಕಲ್ಲು ಎಂದೆಂದಿಗೂ ಇರುವುದರಿಂದ ಪೂಜ್ಯವೆಂದು ಯಾವ ಆಗಮವೂ ಹೇಳಿದಂತೆ ಕಾಣೆ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರವನ್ನು ನೆಚ್ಚಬೇಡಿರೆಂದು ಕಟುವಾಗಿಯೇ ಎಚ್ಚರಿಸಿದರು. ಅವರು ಕಟ್ಟಡಗಳನ್ನು ಕುರಿತು ಹೇಳಿದ್ದನ್ನು ಭೂವಿಜ್ಞಾನವು ಖಂಡಗಳಿಗೇ ವಿಸ್ತರಿಸಿದೆ. 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ನಮ್ಮ ನೆರೆಯ ಹಬ್ಸಿಗೂಡದಲ್ಲಿದೆ. ಅಲ್ಲಿ ಉಪಗ್ರಹಗಳ ಸಂಕೇತಗಳನ್ನು ಹಿಡಿದು ನೆಲದ ಚಲನೆಯನ್ನು ಅಳೆಯುವ ನೆಲೆಯೊಂದುಂಟು. ಹೈದರಾಬಾದು ತನ್ನ ಗುಡ್ಡ, ಗೋಪುರ, ಮಿನಾರುಗಳೊಡನೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರು ಈಶಾನ್ಯಕ್ಕೆ ಸರಿಯುತ್ತಿದೆ. ಆ ಸಂಸ್ಥೆಯೇ ತಾನು ಹುಟ್ಟಿದಂದಿನಿಂದ ಮೂರು ಮೀಟರುಗಳಷ್ಟು ಪ್ರಯಾಣಮಾಡಿದೆ.

ನಾಚಾರದಿಂದ ಉತ್ತರಕ್ಕೆ ನೋಡಿದರೆ ಕಾಣುವ ಬೋಳುನೆತ್ತಿಯ ಗುಡ್ಡವೇ ಮೌಲಾ ಅಲಿ. ಇಬ್ರಾಹಿಂ ಕುತುಬ್ ಷಾಹನ ಕಾಲದಲ್ಲಿ ಯಾಕೂತನೆಂಬ ಅರಮನೆಯ ಸೇವಕನೊಬ್ಬನಿಗೆ ಕನಸಿನಲ್ಲಿ ಹಜ್ರತ್ ಅಲಿಯವರು ಅಲ್ಲಿ ಕಲ್ಲಿನ ಮೇಲೆ ಕೈಯೂರಿ ಕುಳಿತಂತೆ ಕಂಡಿತೆಂದೂ, ಎಚ್ಚೆತ್ತು ಹೋಗಿ ನೋಡಿದಾಗ ಹಸ್ತದ ಗುರುತು ಬಂಡೆಯಲ್ಲಿತ್ತೆಂದೂ ಪ್ರತೀತಿ. ರಜಬ್ ಮಾಸದಲ್ಲಿ ಎಲ್ಲ ಮತದವರೂ ಆ ಮೆಟ್ಟಿಲುಗಳನ್ನು ಏರುತ್ತಾರೆ. ಭೀಮನ ಹೆಜ್ಜೆ, ಸೀತೆಯ ದೊಣೆ ಎಂದು ದಖ್ಖನಿನ ಗುಡ್ಡಗುಡ್ಡದಲ್ಲಿಯೂ ತೋರಿಸುವ ಕುಳಿಗಳು, ನಿಂತ ಮಳೆನೀರು ಕಣಶಿಲೆಯನ್ನು ಸ್ವಲ್ಪಸ್ವಲ್ಪವಾಗಿ ತಿಂದು ಆದುವೆಂದು ನಮ್ಮ ನೆರೆಯವರು ಮಕ್ಕಳಿಗೆ ವಿವರಿಸುತ್ತಿದ್ದಾಗ, ಯುವಕನೊಬ್ಬನು ಹುರುಪಿನಿಂದ, ಹಾಗಾದರೆ ಮೌಲಾ ಅಲಿಯ ಗುರುತಿನ ಗತಿಯೇನು ಎಂದನು. ಒಬ್ಬನಿಗೆ ಬಿದ್ದ ಕನಸನ್ನು ಸುತ್ತಿಗೆಯಿಂದ ತಟ್ಟಿ ನೋಡಲು ಬರುವುದಿಲ್ಲವೆಂದು ಹೇಳಿ ಅವರು ಬೇರೆ ಮಾತಿಗೆ ತಿರುಗಿದರು. ಇದು ನುಣುಚಿಕೊಳ್ಳುವ ಮಾತೆಂದು ಯುವಕನು ಗೊಣಗಿದ್ದು ನನ್ನ ಕಿವಿಗೂ ಬಿದ್ದಿತು. ನನಗೆ ಹಾಗೆ ತೋರಲಿಲ್ಲ. ಬಂಡೆಯ ಮೇಲಿನ ಗುರುತು ಹೇಗಾಯಿತೆಂಬುದು ಒಂದು ವಿಚಾರ. ಆ ಗುರುತಿನ ಮುಂದೆ ಮನುಷ್ಯನ ತಲೆ ಏಕೆ ಬಾಗಿತೆಂಬುದು ಇನ್ನೊಂದು. ಮೊದಲನೆಯದನ್ನು ಕಲ್ಲಿನಿಂದ ಕೇಳಬೇಕು, ಎರಡನೆಯದನ್ನು ತಲೆಬಾಗಿದವನಿಂದ.

ಈ ಎರಡೂ ಬಗೆಯ ವಿಚಾರಗಳಿಗೆ ಕಿವಿಗೊಡದ ಮೂರನೆಯವನೊಬ್ಬನು ನಗರದಲ್ಲಿ ಬೆಳೆದಿದ್ದಾನೆ. ಅವನ ಕಣ್ಣಿಗೆ ಬಂಡೆಯೆಂದರೆ ಜಲ್ಲಿ. ಹಿಂದೆ ಕಲ್ಲುಕುಟಿಗರು ಹಾಸುಬಂಡೆಯ ಮೇಲೆ ಕಟ್ಟಿಗೆಯ ಉರಿಯನ್ನು ಹಾಕಿ, ಸುತ್ತಿಗೆಯಿಂದ ಬಡಿದು, ದನಿಯು ಪೊಳ್ಳಾದದ್ದನ್ನು ಕೇಳಿ ಚಪ್ಪಡಿ ಬಿಟ್ಟುಕೊಂಡಿತೆಂದು ಅರಿಯುತ್ತಿದ್ದರು. ಅವರಿಗೆ ಕಲ್ಲಿನ ಸೀಳು ಗೊತ್ತಿತ್ತು. ಸಿಡಿಮದ್ದಿಗೆ ಏನನ್ನೂ ತಿಳಿದಿರಬೇಕಾದ ಅಗತ್ಯವಿಲ್ಲ. 1996ರಲ್ಲಿ ಇಲ್ಲಿಯ ಕೆಲವು ಸಹೃದಯರು ಬಂಡೆಗಳನ್ನು ಉಳಿಸುವುದಕ್ಕಾಗಿಯೇ ಒಂದು ಸಂಘವನ್ನು ಕಟ್ಟಿಕೊಂಡು ದುಡಿದುದರ ಫಲವಾಗಿ ಕೆಲವು ಶಿಲಾರಚನೆಗಳು ಪಾರಂಪರಿಕ ವಸ್ತುಗಳ ಪಟ್ಟಿಗೆ ಸೇರಿದವು. ಪಟ್ಟಿಗೆ ಸೇರದ ಬಂಡೆಗಳಿಗೆ ಜನರೇ ಒಂದು ರಕ್ಷಣೆಯನ್ನು ಕಂಡುಕೊಂಡಿದ್ದಾರೆ: ಅರಿಸಿನ, ಕುಂಕುಮ, ಒಂದು ಬೇವಿನ ಕೊಂಬೆ.

ನಮ್ಮ ಜೋಡಿಬಂಡೆಗೂ ಆ ಸರದಿ ಬಂದಿತು. ನಿವೇಶನವನ್ನು ಕೊಂಡವನು ವಾಹನಗಳ ನಿಲುಗಡೆಗಾಗಿ ಅದನ್ನು ಒಡೆಸುವನೆಂಬ ವಾರ್ತೆ ಹಬ್ಬಿದ ಮರುದಿನ ಬೆಳಗ್ಗೆ ಕೆಳಗಿನ ಬಂಡೆಯು ಮೈಸಮ್ಮದೇವಿಯಾಗಿತ್ತು. ಬೀದಿಯ ಹಿರಿಯರು ನಾಲ್ಕಾರು ಜನರು ಭೂವಿಜ್ಞಾನಿಯ ಮನೆಗೆ ಬಂದು, ಅಮ್ಮನು ತಾನಾಗಿ ಉದ್ಭವಿಸಿದವಳೆಂದು ಒಂದು ಕಾಗದವನ್ನು ಬರೆದುಕೊಡಬೇಕು ಸಾರ್, ನೀವು ಬರೆದರೆ ಬೆಲೆಯುಂಟು ಎಂದು ಕೇಳಿಕೊಂಡರು. ಒಬ್ಬ ಸತ್ಯನಿಷ್ಠನು ಇಂಥಲ್ಲಿ ಏನು ಮಾಡಬೇಕು? ಬಂಡೆ ಉಳಿಯಬೇಕೆಂಬುದು ಅವರ ಇಚ್ಛೆಯೂ ಆಗಿತ್ತು. ಆದರೆ ರಾತ್ರೋರಾತ್ರಿ ಹುಟ್ಟಿದ ದೇವತೆಗೆ ಸಾಕ್ಷಿ ಹೇಳುವುದು ಅವರಿಂದಾಗದು. ಒಳ್ಳೆಯ ಕಾರ್ಯಕ್ಕಾಗಿ ಹೇಳಿದ ಸುಳ್ಳನ್ನು ನಮ್ಮ ಧರ್ಮಶಾಸ್ತ್ರಗಳು ಅಲ್ಲಲ್ಲಿ ಕ್ಷಮಿಸಿರುವುದುಂಟಾದರೂ, ಧರ್ಮರಾಯನ ರಥವು ನೆಲಕ್ಕೆ ಇಳಿದದ್ದನ್ನೂ ನಾವು ಮರೆತಿಲ್ಲ. ಅವರು ಸ್ವಲ್ಪ ಹೊತ್ತು ಯೋಚಿಸಿ, ಈ ಬಂಡೆಗಳನ್ನು ಯಾರೂ ಹೊರಗಿನಿಂದ ತಂದು ಇಟ್ಟಿಲ್ಲ, ಇವು ಇರುವ ಜಾಗದಲ್ಲಿಯೇ ಆದಂಥವು, ಕೆಳಗಿನದು ನೆಲದೊಳಗಣ ಮೂಲಶಿಲೆಗೆ ಹೊಂದಿಕೊಂಡೇ ಇದೆ, ವಯಸ್ಸು ಸುಮಾರು 250 ಕೋಟಿ ವರ್ಷ ಎಂದು ಬರೆದು ಸಹಿ ಹಾಕಿದರು. ಅಮ್ಮನ ಹೆಸರು ಅದರಲ್ಲಿ ಇರಲಿಲ್ಲ. ಓದಿದವರು ಅದರ ಕೊರತೆಯನ್ನು ಗಮನಿಸಲೂ ಇಲ್ಲ. ಯಾರೂ ತಂದು ಇಟ್ಟಿಲ್ಲವೆಂಬ ಮಾತೇ ಅವರಿಗೆ ಬೇಕಾಗಿದ್ದದ್ದು. ಬರೆದವರು ತಮ್ಮ ಮಾತು ಬೇರೊಂದು ಅರ್ಥದಲ್ಲಿ ಸಲ್ಲುವುದೆಂದು ಬಲ್ಲವರಾಗಿದ್ದುದರಿಂದ ಪೂರ್ಣವಾಗಿ ನಿರ್ದೋಷಿಗಳೆಂದು ನಾನು ಹೇಳಲಾರೆ. ಆ ಕಾಗದದಲ್ಲಿ ಅಳಿಸತಕ್ಕ ಒಂದಕ್ಷರವನ್ನೂ ಕಾಣಲಾರೆ.

ನಿವೇಶನದವನು ಕಾಗದವನ್ನು ಓದಿದಾಗ ಅವನ ಮನಸ್ಸು ನಿಂತದ್ದು ಮತ್ತೊಂದು ವಾಕ್ಯದ ಮೇಲೆ. ಕೆಳಗಿನ ಬಂಡೆ ನೆಲದೊಳಗೆ ಎಲ್ಲಿಯವರೆಗೆ ಹೋಗಿದೆ ಎಂದು ಅವನು ಕೇಳಿದನು. ಪಕ್ಕದ ಕಟ್ಟಡಗಳ ಅಡಿಪಾಯದವರೆಗೂ, ಅದರಾಚೆಗೂ ಹೋಗಿದೆ ಎಂದು ಇವರು ಹೇಳಿದರು. ಒಡೆಸುವುದಕ್ಕೆ ಆಗುವ ಖರ್ಚನ್ನೂ, ನೆರೆಯ ಗೋಡೆಗಳು ಬಿರಿದರೆ ಕಟ್ಟಿಕೊಡಬೇಕಾದ ಹಣವನ್ನೂ ಲೆಕ್ಕಹಾಕಿ ಅವನು ನಿಲುಗಡೆಯನ್ನು ಹಿಂಭಾಗಕ್ಕೆ ಒಯ್ದನು. ಆಷಾಢದಲ್ಲಿ ಅಮ್ಮನ ಬೋನಾಲು ಹಬ್ಬ ಬಂದಾಗ ಚಂದಾ ಪುಸ್ತಕವನ್ನು ಹಿಡಿದ ಹುಡುಗರು ಭೂವಿಜ್ಞಾನಿಯ ಮನೆಯ ಬಾಗಿಲನ್ನೇ ಮೊದಲು ತಟ್ಟಿದರು. ಅವರು ಐನೂರು ರೂಪಾಯಿ ಕೊಟ್ಟು, ರಸೀದಿಯಲ್ಲಿ ಮೈಸಮ್ಮನ ಹೆಸರಿನ ಕೆಳಗೆ ತಮ್ಮ ಹೆಸರನ್ನು ಸರಿಯಾದ ಅಕ್ಷರಗಳಲ್ಲಿ ಬರೆಸಿಕೊಂಡರು.